ಎರೆ ಮಣ್ಣಿನ ಹಿತ್ತಲಲ್ಲಿ ಶಟಲ್ ಕೋರ್ಟು: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯಿಂದ ಹದಡಿ ಕಡೆ ಹೋಗುವಾಗ ಬಡಾವಣೆಗಳು ಮುಗಿದು ಭತ್ತದ ಗದ್ದೆಗಳು ಶುರುವಾಗುತ್ತವೆ. ಆ ಅಂಚಿನಲ್ಲಿ ಒಂದು ಮನೆ. ಪಶ್ಚಿಮಕ್ಕೆ ರಸ್ತೆ, ಪೂರ್ವಕ್ಕೆ ಹಿತ್ತಲು. ಹಿತ್ತಲು ಪೂರ್ವ-ಪಶ್ಚಿಮ 80 ಅಡಿ, ಉತ್ತರ-ದಕ್ಷಿಣ 50 ಅಡಿ ಇದೆ. ಆಗ್ನೇಯ ಮೂಲೆಯಲ್ಲಿ ಒಂದು ದೊಡ್ಡ ಬೇವಿನ ಮರ. ಹಿಂದಿನ ಕಾಂಪೌಂಡಿನ ಆಚೆಗೆ ಗದ್ದೆಯ ಬಸಿಗಾಲುವೆ. ಮಣ್ಣು ಅಪ್ಪಟ ಎರೆ, ಅಂದರೆ ಕಪ್ಪು ಜೇಡಿ ಮಣ್ಣು.

ಮನೆಯ ಯಜಮಾನರಿಗೆ ಭತ್ತ, ಮೆಕ್ಕೆಜೋಳದ ವ್ಯಾಪಾರ. ಮಗಳು, ಮಗ ಇಬ್ಬರೂ ಶಟಲ್ ಆಡುತ್ತಾರೆ. ಯಜಮಾನರಿಗೂ ಅವರ ಗೆಳೆಯರಿಗೂ ವಾಲಿಬಾಲ್ ಇಷ್ಟ. ಹಿತ್ತಲಲ್ಲಿ ಒಂದು ಕೋರ್ಟು ಆಗಬೇಕು ಅಂತ ಎಲ್ಲರೂ ಒಪ್ಪಿದ್ದರು. ಅದು ಕಾಂಕ್ರೀಟಿನದೇ ಆಗಬೇಕು ಎಂದದ್ದು ಅಜ್ಜಿ. ಸುಗ್ಗಿಯಲ್ಲಿ ಮೆಕ್ಕೆಜೋಳ ಒಣಗಿಸಲು ಜಾಗ ಸಿಗುತ್ತದೆ ಅನ್ನುವುದು ಅವರ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಕೊಯ್ಲು ಬಂದರೆ ಡಾಂಬರು ರಸ್ತೆಯನ್ನೂ ಬಿಡದೆ ಜೋಳ ಹರಡುತ್ತಾರೆ, ಅಲ್ವಾ? ಅಜ್ಜಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಸಿವಿಲ್ ಕೆಲಸ ಮಾಡುವವನು. ನೆಲ ನೋಡಿ ಒಂದು ಅಂದಾಜು ಕೊಡಿ ಅಂತ ಕರೆದಿದ್ದರು. ಹೋದವನು ಹಿತ್ತಲಿಗಿಂತ ಮೊದಲು ಪಕ್ಕದ ಸೈಟನ್ನು ನೋಡಿದೆ. ಅಲ್ಲಿ ಕೆಲವು ವರ್ಷಗಳ ಹಿಂದೆ ಹಾಕಿದ ಕಾಂಕ್ರೀಟ್ ಅಂಗಳವಿದೆ. ಎರೆ ಮಣ್ಣಿನ ಮೇಲೆ ನೇರವಾಗಿ ಸ್ವಲ್ಪ ಜಲ್ಲಿ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟು. ಈಗ ಅದು ಐದಾರು ತುಂಡಾಗಿದೆ. ಒಂದು ತುಂಡು ಪಕ್ಕದ್ದಕ್ಕಿಂತ ಎರಡು ಬೆರಳು ಮೇಲೆ ನಿಂತಿದೆ. ಅಂಥ ನೆಲದಲ್ಲಿ ಶಟಲ್ ಆಡುತ್ತಾ ಹಿಂದಕ್ಕೆ ಓಡಿದ ಮಗು ಎಡವಿದರೆ ಕಣಕಾಲು ಉಳಿಯುವುದಿಲ್ಲ. ಕಾಂಕ್ರೀಟ್ ಬೇಡ ಅಂತ ನಾನು ಹೇಳಿದ್ದು ಇದಕ್ಕೇ. ಏಕೆ ಬೇಡ, ಬದಲಿಗೆ ಏನು ಮಾಡಿದೆವು ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎರೆ ನೆಲದಲ್ಲಿ ಮನೆ ಕಟ್ಟಿಕೊಂಡು ಮಕ್ಕಳಿಗೊಂದು ಆಟದ ಜಾಗ ಮಾಡಬೇಕು ಅನ್ನುವವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಎರೆ ಮಣ್ಣು ಮಾಡುವ ಕೆಲಸ

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಜಾಸ್ತಿ ಇರುತ್ತದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು, ಮಳೆ ಬಿದ್ದ ಮೇಲೆ ಅದೇ ಬಿರುಕು ಮುಚ್ಚಿಹೋಗುವುದು, ಇದನ್ನು ನೋಡದ ರೈತ ಇಲ್ಲ. ಇಡೀ ನೆಲ ಒಂದೇ ಸಮನಾಗಿ ಏರಿ ಇಳಿದರೆ ಕೋರ್ಟಿಗೆ ಅಂಥ ತೊಂದರೆ ಇರುತ್ತಿರಲಿಲ್ಲ. ತೊಂದರೆ ಬರುವುದು ಅದು ಸಮನಾಗಿ ಆಗದೇ ಇರುವುದರಿಂದ.

ಮಣ್ಣಿನ ಮೇಲೆ ಕಾಂಕ್ರೀಟ್ ಮುಚ್ಚಿದರೆ ಅಂಚಿನ ಮಣ್ಣಿಗೆ ಮಳೆ, ಬಿಸಿಲು ಎರಡೂ ತಾಕುತ್ತವೆ. ನಡುವಿನ ಮಣ್ಣಿಗೆ ಎರಡೂ ತಾಕುವುದಿಲ್ಲ. ಮಳೆಗಾಲದಲ್ಲಿ ಅಂಚು ಉಬ್ಬಿ ಮೇಲೇಳುತ್ತದೆ. ಬೇಸಿಗೆಯಲ್ಲಿ ಅಂಚು ಒಣಗಿ ಕುಸಿಯುತ್ತದೆ, ಒದ್ದೆ ಉಳಿದ ನಡುಭಾಗ ಗುಡ್ಡೆಯಂತೆ ನಿಲ್ಲುತ್ತದೆ. ನಾಲ್ಕು ಇಂಚಿನ ಕಾಂಕ್ರೀಟು ಈ ಎಳೆದಾಟ ತಡೆಯುವುದಿಲ್ಲ. ಕಂಬಿ ಹಾಕಿದರೂ ಬಿರುಕು ಸಣ್ಣದಾಗುತ್ತದೆಯೇ ಹೊರತು ನೆಲ ಏಳುವುದು ನಿಲ್ಲುವುದಿಲ್ಲ.

ಈ ಮನೆಯ ಜಾಗದಲ್ಲಿ ಇನ್ನೊಂದು ವಿಷಯವಿತ್ತು. ದಾವಣಗೆರೆಯ ಮಳೆ ವರ್ಷಕ್ಕೆ 600-650 ಮಿಲಿಮೀಟರ್ ಆಸುಪಾಸು, ಅಷ್ಟೇನೂ ದೊಡ್ಡ ಮಳೆ ಅಲ್ಲ. ಆದರೆ ಇಲ್ಲಿ ನೆಲ ಒದ್ದೆಯಾಗುವುದು ಮಳೆಯಿಂದ ಮಾತ್ರ ಅಲ್ಲ. ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟರೆ ಹಿಂದಿನ ಗದ್ದೆಗಳು ತುಂಬುತ್ತವೆ. ಮಳೆಯೇ ಇಲ್ಲದ ದಿನಗಳಲ್ಲೂ ಪೂರ್ವದ ಕಡೆಯಿಂದ ತೇವ ಒಳಗೆ ಬರುತ್ತದೆ. ಆಗ್ನೇಯದಲ್ಲಿ ಬೇವಿನ ಬೇರು ಅದೇ ತೇವವನ್ನು ಹೀರುತ್ತದೆ. ಪಶ್ಚಿಮದಲ್ಲಿ ಬಟ್ಟೆ ಒಗೆಯುವ ಕಲ್ಲಿನ ನೀರು ದಿನವೂ ಹಿತ್ತಲಿಗೇ ಹರಿಯುತ್ತಿತ್ತು. ಮಾಳಿಗೆ ನೀರಿನ ಪೈಪೂ ಅಲ್ಲೇ ಬಿಟ್ಟಿದ್ದರು. ಒಂದೇ ಹಿತ್ತಲಲ್ಲಿ ಮೂರು ಮೂಲೆಗೆ ಮೂರು ತರದ ತೇವ. ಕೋರ್ಟಿನ ಕೆಲಸ ಎಂದರೆ ಮೊದಲು ಈ ನೀರಿನ ಕೆಲಸ ಅಂತ ನಾನು ಯಜಮಾನರಿಗೆ ಹೇಳಿದೆ. ಈಗಲೂ ನನ್ನ ಮಾತು ಅದೇ.

ಎರಡು ಗಾಜಿನ ಪರೀಕ್ಷೆ

ಮಣ್ಣು ಎಷ್ಟು ಉಬ್ಬುತ್ತದೆ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಅದನ್ನು ಹೇಳಿದ್ದಾರೆ. ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಗಾಜಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ, ಗಾಳಿಗುಳ್ಳೆ ಬಿಡಿಸಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ಹಾಗಾಗಿ ನೀರಿನ ಗಾಜಿನಲ್ಲಿ ಮಣ್ಣು ಅದಕ್ಕಿಂತ ಎಷ್ಟು ಮೇಲೆ ನಿಂತಿದೆಯೋ ಅಷ್ಟು ಅದರ ಉಬ್ಬುವ ಗುಣ. ಸೀಮೆಎಣ್ಣೆಯ ಅಳತೆಗೆ ಹೋಲಿಸಿ ಶೇ. 50 ದಾಟಿದರೆ ಎಚ್ಚರ ಬೇಕು, ಶೇ. 100 ದಾಟಿದರೆ ಅದು ಅಪಾಯದ ಮಣ್ಣು.

ಒಂಬತ್ತನೇ ಕ್ಲಾಸಿನ ಮಗಳು ಈ ಪರೀಕ್ಷೆಯನ್ನು ತಾನೇ ಮಾಡಿದಳು. ನೀರಿನ ಗಾಜಿನ ಮಣ್ಣು ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು ಎದ್ದಿತ್ತು. ಅಲ್ಲಿಯವರೆಗೆ "ಸುಮ್ನೆ ಹೆದರಿಸಬೇಡಿ ಸರ್, ಕಂಬಿ ಕಟ್ಟಿ ಹಾಕಿದ್ರೆ ಆಯ್ತು" ಅನ್ನುತ್ತಿದ್ದ ಮೇಸ್ತ್ರಿ ಆ ಗಾಜು ನೋಡಿದ ಮೇಲೆ ಸುಮ್ಮನಾದರು. ದೊಡ್ಡ ಕೆಲಸ ಮಾಡುವವರು ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಬೇಕು. ಆದರೆ ಕಣ್ಣಾರೆ ಕಂಡದ್ದು ಮನೆಯವರ ಮನಸ್ಸಿಗೆ ಇಳಿಯುವ ರೀತಿಯೇ ಬೇರೆ.

ಜೊತೆಗೆ ಒಂದು ಗುಂಡಿ ತೆಗೆಸಿದೆವು. ಮೂರೂವರೆ ಅಡಿವರೆಗೆ ಕಪ್ಪು ಮಣ್ಣು, ಅದರ ಕೆಳಗೆ ಬಿಳಿ ಸುಣ್ಣದ ಹರಳು ಬೆರೆತ ಮಣ್ಣು. ನಾಲ್ಕೂವರೆ ಅಡಿಗೆ ಹಳದಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು ಸಿಕ್ಕಿತು.

ಯಾವ ಆಟ, ಯಾವ ದಿಕ್ಕು

ಹೊರಗಿನ ಕೋರ್ಟು ಉತ್ತರ-ದಕ್ಷಿಣ ಉದ್ದಕ್ಕೆ ಇರಬೇಕು ಅನ್ನುವುದು ಎಲ್ಲರೂ ಹೇಳುವ ನಿಯಮ. ಬೆಳಿಗ್ಗೆ, ಸಂಜೆ ಸೂರ್ಯ ಆಟಗಾರರ ಕಣ್ಣಿಗೆ ಹೊಡೆಯದಿರಲಿ ಅಂತ. ಶಟಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಉತ್ತರ-ದಕ್ಷಿಣ ಹಾಕಿದರೆ ಈ ಹಿತ್ತಲ 50 ಅಡಿಯಲ್ಲಿ ಹಿಂದೆ ಮುಂದೆ ಮೂರು ಮೂರು ಅಡಿ ಮಾತ್ರ ಉಳಿಯುತ್ತದೆ. ಹಿಂದಕ್ಕೆ ಹೋದ ಹುಡುಗ ಕಾಂಪೌಂಡಿಗೆ ಬಡಿಯುತ್ತಾನೆ. 59 ಅಡಿಯ ವಾಲಿಬಾಲ್ ಕೋರ್ಟಂತೂ ಹಿಡಿಸುವುದೇ ಇಲ್ಲ. ಹಾಗಾಗಿ ಪೂರ್ವ-ಪಶ್ಚಿಮ ಬಿಟ್ಟು ಬೇರೆ ದಾರಿ ಇರಲಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಮನೆಯೇ. ಮನೆ ಎರಡಂತಸ್ತು, ಪ್ಯಾರಪೆಟ್ ಸೇರಿ 22 ಅಡಿ ಎತ್ತರ, ನಿಂತಿರುವುದು ಪಶ್ಚಿಮಕ್ಕೆ. ಮಾರ್ಚ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂವರೆಯ ಹೊತ್ತಿಗೆ. ಸಂಜೆ ಐದೂವರೆಯ ಹೊತ್ತಿಗೆ ಮನೆಯ ನೆರಳು ಕೋರ್ಟಿನ ದೂರದ ತುದಿಯಲ್ಲಿ ನಿಂತವರ ತಲೆಯನ್ನೂ ಮುಚ್ಚುತ್ತದೆ. ಡಿಸೆಂಬರ್‌ನಲ್ಲಿ ಇದು ಇನ್ನೂ ಅರ್ಧ ಗಂಟೆ ಮುಂಚೆ ಆಗುತ್ತದೆ. ಜೂನ್‌ನಲ್ಲಿ ಸೂರ್ಯ ವಾಯವ್ಯಕ್ಕೆ ಸರಿದು ಮುಳುಗುವುದರಿಂದ ಈಶಾನ್ಯ ಮೂಲೆಯಲ್ಲಿ ನಿಂತವರಿಗೆ ಬಿಸಿಲು ತಪ್ಪುವುದಿಲ್ಲ. ಬೆಳಗಿನ ಆಟಕ್ಕೆ ಈ ಕೋರ್ಟು ಸರಿ ಹೋಗುವುದಿಲ್ಲ ಅಂತ ಮೊದಲೇ ಹೇಳಿದೆ. ಮಕ್ಕಳು ಆಡುವುದು ಶಾಲೆ ಮುಗಿದ ಮೇಲೆ. ಹಾಗಾಗಿ ಒಪ್ಪಿಗೆಯಾಯಿತು.

ಇನ್ನು ಗಾಳಿ. ಶಟಲ್ ಕಾಕಿನ ತೂಕ ಐದು ಗ್ರಾಂ ಆಸುಪಾಸು. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಪಶ್ಚಿಮದ ಗಾಳಿಗೆ ಅದು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಇದೇ ಗಾಳಿಯನ್ನು ನಂಬಿ ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲೇ ನಿಂತಿದೆ. ಹಿಂದಿನವರು ಬಯಲಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಅದರ ಉಣ್ಣೆಯ ಚೆಂಡು 27-28 ಗ್ರಾಂ, ಗಾಳಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಅದಕ್ಕೆ 24 ಮೀಟರ್ ಉದ್ದ, 12 ಮೀಟರ್ ಅಗಲದ ಕೋರ್ಟು ಬೇಕು, ಈ ಹಿತ್ತಲು ಸಾಲದು. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ 2019ರಲ್ಲಿ ಹೊರಾಂಗಣಕ್ಕೆಂದೇ ಏರ್ ಬ್ಯಾಡ್ಮಿಂಟನ್ ಆಟವನ್ನೂ ಅದಕ್ಕೊಂದು ಬೇರೆ ಕಾಕನ್ನೂ ತಂದಿತು. ಗಂಟೆಗೆ 12 ಕಿಲೋಮೀಟರ್ ಗಾಳಿಯವರೆಗೆ ಆ ಕಾಕು ತಡೆಯುತ್ತದೆ. ನಮ್ಮ ಆಷಾಢದ ಗಾಳಿ ಅದನ್ನೂ ಮೀರುತ್ತದೆ.

ಇದನ್ನೆಲ್ಲ ಮನೆಯವರ ಮುಂದೆ ಇಟ್ಟ ಮೇಲೆ ತೀರ್ಮಾನ ಸುಲಭವಾಯಿತು. ನೆಲ ಒಂದೇ, ಬಲೆಯ ಎತ್ತರ ಬೇರೆ ಬೇರೆ. ಸೆಪ್ಟೆಂಬರ್ ಕೊನೆಯಿಂದ ಮೇವರೆಗೆ ಶಟಲ್. ಗಾಳಿಯ ತಿಂಗಳಲ್ಲಿ ವಾಲಿಬಾಲ್. 64 ಅಡಿ ಉದ್ದ, 34 ಅಡಿ ಅಗಲದ ಮಣ್ಣಿನ ಅಂಕಣ. ಮನೆಯ ಪಾಯದಿಂದ 10 ಅಡಿ ದೂರ.

ಅಗೆತ, ಸುಣ್ಣ, ಗರಸು

ಎರೆ ನೆಲದ ಕೆಲಸಕ್ಕೆ ನವೆಂಬರ್-ಡಿಸೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಜೆಸಿಬಿ ಹೂತುಹೋಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಣ್ಣು ಪೂರ್ತಿ ಕುಗ್ಗಿ ಬಿರುಕು ಬಿಟ್ಟಿರುತ್ತದೆ. ಆಗ ಅದರ ಮೇಲೆ ಕೆಲಸ ಮಾಡಿದರೆ ಮೊದಲ ಮಳೆಗೇ ಕೆಳಗಿನ ಮಣ್ಣು ಉಬ್ಬಿ ಮೇಲಿನದನ್ನು ಎತ್ತುತ್ತದೆ. ತೇವ ಹದವಾಗಿರುವಾಗ ಮಾಡಿದರೆ ಮುಂದೆ ಏರುವುದೂ ಇಳಿಯುವುದೂ ಕಡಿಮೆ.

ಒಂದೂವರೆ ಅಡಿ ಅಗೆದೆವು. ತೆಗೆದ ಎರೆ ಮಣ್ಣನ್ನು ಕೆಂಪು ನೆಲದ ತೋಟದವರೊಬ್ಬರು ಖುಷಿಯಿಂದ ಹೊತ್ತೊಯ್ದರು. ತಳದ ಆರು ಇಂಚು ಮಣ್ಣನ್ನು ಅಲ್ಲೇ ಸಡಿಲಿಸಿ ಸುಣ್ಣದ ಪುಡಿ ಬೆರೆಸಿದೆವು. ಒಣ ಮಣ್ಣಿನ ತೂಕದ ಶೇ. 4ರಷ್ಟು ಅಂತ ಲೆಕ್ಕ ಹಾಕಿದರೆ ಎರಡು ಟನ್ನಿಗೆ ಸ್ವಲ್ಪ ಕಡಿಮೆ ಬೇಕಾಯಿತು. ಸುಣ್ಣ ಸೇರಿದರೆ ಎರೆಯ ಜಿಗುಟು ಹೋಗಿ ಮಣ್ಣು ಉದುರು ಉದುರಾಗುತ್ತದೆ, ಉಬ್ಬುವುದೂ ತಗ್ಗುತ್ತದೆ. ನೀರು ಚಿಮುಕಿಸಿ ಒಂದೆರಡು ದಿನ ಬಿಟ್ಟು ಆಮೇಲೆ ರೋಲರ್ ಓಡಿಸಬೇಕು. ಸುಣ್ಣ ಹರಡುವವರ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಮುಖಕ್ಕೆ ಬಟ್ಟೆ ಇರಲೇಬೇಕು. ಮಕ್ಕಳನ್ನು ಆ ಕಡೆ ಬಿಡಬಾರದು. ಕಣ್ಣಿಗೆ ಬಿದ್ದ ಸುಣ್ಣ ಬಹಳ ಕೆಟ್ಟದ್ದು.

ಇದಾದ ಮೇಲೆ ಮೇಸ್ತ್ರಿಗೂ ನನಗೂ ಒಂದು ಚರ್ಚೆ ನಡೆಯಿತು. ಅಗೆದ ಗುಂಡಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತುಂಬಿಸೋಣ, ಮರಳು ಉಬ್ಬುವುದಿಲ್ಲ ಅನ್ನುವುದು ಅವರ ಸಲಹೆ. ಮರಳು ಉಬ್ಬುವುದಿಲ್ಲ, ನಿಜ. ಆದರೆ ಸುತ್ತ ನೀರು ಇಳಿಯದ ಎರೆ, ನಡುವೆ ಮರಳು ಎಂದರೆ ಮಳೆ ನೀರು ಒಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಹೊರಗೆ ಹೋಗಲು ದಾರಿ ಇರುವುದಿಲ್ಲ. ನಿಂತ ನೀರು ತಳದ ಎರೆಗೆ ತಿಂಗಳುಗಟ್ಟಲೆ ತೇವ ಕೊಡುತ್ತಾ ಅದನ್ನು ಉಬ್ಬಿಸುತ್ತದೆ. ಎರೆಯ ಮೇಲೆ ತುಂಬಬೇಕಾದದ್ದು ಉಬ್ಬದ, ಆದರೆ ಒತ್ತಿದರೆ ಕಚ್ಚಿಕೊಂಡು ನೀರನ್ನು ಒಳಗೆ ಬಿಡದ ಮಣ್ಣು. ನಮ್ಮಲ್ಲಿ ಅದಕ್ಕೆ ಗರಸು ಇದೆ. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಎರೆ ಮಣ್ಣಿನ ಮೇಲೆ ಮಾಡಿದ ಕೆಲಸದಿಂದ ಬಂದ ತಿಳಿವಳಿಕೆ ಇದು. ಇಂಥ ಮಣ್ಣಿನ ಸುಮಾರು 1 ಮೀಟರ್ ದಪ್ಪದ ಪದರ ಕೆಳಗಿನ ಎರೆಯ ಉಬ್ಬನ್ನು ಹಿಡಿದಿಡುತ್ತದೆ. ನಾಲೆಗಳ ಲೈನಿಂಗಿನಲ್ಲಿ ಇದನ್ನು ಬಳಸುತ್ತಾರೆ.

ನಾವು 1 ಮೀಟರ್ ಹಾಕಲಿಲ್ಲ. ಅಗೆದ ಒಂದೂವರೆ ಅಡಿ, ನೆಲದಿಂದ ಮೇಲೆ ಅರ್ಧ ಅಡಿ, ಒಟ್ಟು ಎರಡು ಅಡಿ. ಏಕೆಂದರೆ ಮಣ್ಣಿನ ಅಂಕಣ ಸ್ವಲ್ಪ ಅಲುಗಿದರೂ ಕೆರೆದು, ತುಂಬಿ, ಮತ್ತೆ ಒತ್ತಬಹುದು. ಕಾಂಕ್ರೀಟಿಗೆ ಆ ಅವಕಾಶ ಇಲ್ಲ, ಅದಕ್ಕಾದರೆ ಪೂರ್ತಿ 1 ಮೀಟರ್ ಬೇಕೇ ಬೇಕು. ಲೆಕ್ಕ ನೋಡಿ. ಎರಡು ಅಡಿಗೆ ಒತ್ತಿದ ಮೇಲಿನ ಅಳತೆ 4,352 ಘನ ಅಡಿ. ಒತ್ತಿದಾಗ ಕುಗ್ಗುವುದನ್ನು ಸೇರಿಸಿದರೆ 5,400, ಅಂದರೆ ನೂರು ಘನ ಅಡಿಯ ಟ್ರ್ಯಾಕ್ಟರ್ ಲೋಡು ಐವತ್ತೈದರ ಹತ್ತಿರ. ಕಾಂಕ್ರೀಟು ಹಾಕುವುದಾದರೆ ಗರಸೇ ತೊಂಬತ್ತು ಲೋಡು, ಅದರ ಮೇಲೆ ನಾಲ್ಕು ಇಂಚಿಗೆ 725 ಘನ ಅಡಿ ಕಾಂಕ್ರೀಟು. ಈ ಲೆಕ್ಕ ಕೇಳಿದ ಮೇಲೆ ಅಜ್ಜಿಯೇ "ಮೆಕ್ಕೆಜೋಳ ತಾಡಪಾಲಿನ ಮೇಲೆ ಒಣಗಿಸ್ತೀವಿ ಬಿಡಪ್ಪ" ಅಂದರು.

ಗರಸನ್ನು ಆರು ಆರು ಇಂಚಿನ ಪದರವಾಗಿ ಹರಡಿ, ನೀರು ಹದ ಮಾಡಿ, ಪ್ರತಿ ಪದರಕ್ಕೂ ರೋಲರ್ ಹಾಕಿದೆವು. ಹದ ಎಂದರೆ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ಕೈಗೆ ನೀರು ಬರಬಾರದು. ರೋಲರ್ ತಲುಪದ ಮೂಲೆಗಳಿಗೆ ಕೈಯಲ್ಲಿ ಕುಟ್ಟುವ ದಿಮ್ಮಸು. ಈ ಹಂತದಲ್ಲಿ ಅವಸರ ಮಾಡಬಾರದು. ಎರಡು ಪದರ ಒಟ್ಟಿಗೆ ಹಾಕಿ ಒಂದೇ ಸಲ ಒತ್ತಿದರೆ ಮೇಲೆ ಗಟ್ಟಿ, ಒಳಗೆ ಪೊಳ್ಳು. ಆರು ತಿಂಗಳಿಗೆ ತಗ್ಗು ಬೀಳುತ್ತದೆ.

ಮೇಲಿನ ಮೂರು ಇಂಚಿಗೆ ಜರಡಿ ಹಿಡಿದ ಕೆಂಪು ಮಣ್ಣು ಮತ್ತು ಸಣ್ಣ ಗರಸು ಬೆರೆಸಿದೆವು. ಇದು ನಮ್ಮ ಹಿರಿಯರು ಸುಗ್ಗಿಗೆ ಕಣ ಮಾಡುತ್ತಿದ್ದ ಹಾಗೆ. ನೀರು ಹೊಡೆದು, ತುಳಿದು, ಅರೆ ಒಣಗಿದಾಗ ಉರುಳು ಹಾಕಿ, ಮತ್ತೆ ಮರುದಿನ ನೀರು. ಮನೆಯಲ್ಲಿ ಕಣದಲ್ಲಿ ಉರುಳಿಸುವ ಹಳೆಯ ರೋಣಗಲ್ಲು ಇತ್ತು. ಯಂತ್ರದ ರೋಲರ್ ಮೇಲ್ಪದರವನ್ನು ಕಿತ್ತು ಅಂಟಿಸಿಕೊಳ್ಳುತ್ತಿದ್ದ ಕಡೆಯಲ್ಲೆಲ್ಲ ಈ ಕಲ್ಲು ನುಣುಪಾಗಿ ಕೂರಿಸಿತು. ಕೊನೆಗೆ ತೆಳುವಾಗಿ ಸಗಣಿ ಸಾರಿಸಿದ್ದರಿಂದ ಧೂಳೂ ಕಡಿಮೆಯಾಯಿತು.

ಇಳಿಜಾರಿನ ಬಗ್ಗೆ ಒಂದು ಮಾತು. ಹತ್ತು ಅಡಿಗೆ ಒಂದು ಇಂಚು, ಒಂದೇ ಕಡೆಗೆ. ನಡುವೆ ಎತ್ತರ ಮಾಡಿ ಎರಡೂ ಕಡೆ ಇಳಿಸುವುದು ಆಟದ ನೆಲಕ್ಕೆ ಸಲ್ಲದು. ಇಳಿಜಾರು ಪಕ್ಕದಿಂದ ಪಕ್ಕಕ್ಕೆ ಇದ್ದರೆ ಬಲೆಯ ಎರಡೂ ಕಡೆಯವರಿಗೆ ಒಂದೇ ನೆಲ ಸಿಗುತ್ತದೆ. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ ಮೂರೂವರೆ ಇಂಚು ಇಳಿಸಿದೆವು. ಅಳೆದದ್ದು ಉದ್ದದ ಪಾರದರ್ಶಕ ಪೈಪಿನ ನೀರಿನ ಲೆವೆಲ್‌ನಲ್ಲಿ. ಇಷ್ಟು ಕೆಲಸಕ್ಕೆ ಅದು ಧಾರಾಳ ಸಾಕು.

ನೀರಿಗೆ ದಾರಿ

ಅಂಕಣದ ಸುತ್ತ ಮೂರು ಅಡಿ ಆಳದ ಸಣ್ಣ ಕಾಲುವೆ ತೋಡಿ, ಅದರೊಳಗೆ ದಪ್ಪ ಪಾಲಿಥಿನ್ ಹಾಳೆಯನ್ನು ನೆಟ್ಟಗೆ ಇಳಿಬಿಟ್ಟು ಮುಚ್ಚಿದೆವು. ಸುತ್ತಳತೆ 196 ಅಡಿ. ಗದ್ದೆಯ ತೇವ ಪಕ್ಕದಿಂದ ನುಗ್ಗದಂತೆ, ಬೇವಿನ ಬೇರು ಕೋರ್ಟಿನ ಕೆಳಗೆ ಬರದಂತೆ ಎರಡಕ್ಕೂ ಇದು ತಡೆ. ಇಡೀ ಕೆಲಸದಲ್ಲಿ ಕಡಿಮೆ ಖರ್ಚು, ಜಾಸ್ತಿ ಲಾಭ ಕೊಟ್ಟದ್ದು ಇದೇ ಅಂತ ನನ್ನ ಅಭಿಪ್ರಾಯ. ಬೇವನ್ನು ಕಡಿಯೋಣ ಅನ್ನುವ ಮಾತೂ ಬಂದಿತ್ತು. ಬೇಡ ಅಂತ ಗಟ್ಟಿಯಾಗಿ ಹೇಳಿದೆ. ದೊಡ್ಡ ಮರ ಕಡಿದರೆ ಅದು ಹೀರುತ್ತಿದ್ದ ನೀರೆಲ್ಲ ಮಣ್ಣಲ್ಲೇ ಉಳಿದು, ಎಷ್ಟೋ ಕಾಲ ಆ ಮೂಲೆ ಉಬ್ಬುತ್ತಲೇ ಇರುತ್ತದೆ. ಮರದ ನೆರಳಂತೂ ಹೇಗೂ ಬೇಕು.

ಬಟ್ಟೆ ಕಲ್ಲಿನ ನೀರನ್ನು ಪೈಪಿನಲ್ಲಿ ಮುಂದಿನ ಚರಂಡಿಗೆ ತಿರುಗಿಸಲಾಯಿತು. ಮಾಳಿಗೆ ನೀರು ಸಂಪಿಗೆ. ದಕ್ಷಿಣದ ಅಂಚಿನಲ್ಲಿ ಒಂದು ತೆರೆದ ಕಾಲುವೆ ಮಾಡಿ ಹಿಂದಿನ ಬಸಿಗಾಲುವೆಗೆ ಸೇರಿಸಿದೆವು.

ಕಂಬಗಳಿಗೆ ಬೇರೆ ಯೋಚನೆ ಬೇಕಾಯಿತು. ಎರೆ ಮಣ್ಣಲ್ಲಿ ಎರಡು ಅಡಿ ಹೂತ ಕಂಬ ಒಂದೆರಡು ವರ್ಷದಲ್ಲಿ ವಾಲುತ್ತದೆ. ಅದಕ್ಕೇ ಗರಸಿನೊಳಗೆ ಇಳಿಯುವವರೆಗೆ, ಆರು ಅಡಿಗೆ ಹತ್ತಿರ, ಗುಂಡಿ ತೋಡಿ, ಕೆಳಗೆ ಅಗಲ ಮಾಡಿ ಕಾಂಕ್ರೀಟ್ ಹಾಕಿದೆವು. ಮೇಲಿನ ಭಾಗಕ್ಕೆ ಪ್ಲಾಸ್ಟಿಕ್ ಸುತ್ತಿದ್ದರಿಂದ ಉಬ್ಬುವ ಮಣ್ಣು ಅದನ್ನು ಹಿಡಿದು ಎತ್ತುವುದಿಲ್ಲ. ಕಂಬಗಳ ನಡುವೆ 32 ಅಡಿ. ಶಟಲ್ ಬಲೆ 1.55 ಮೀಟರ್, ವಾಲಿಬಾಲಿಗೆ ಗಂಡಸರ 2.43, ಹೆಂಗಸರ 2.24 ಮೀಟರ್ ಎತ್ತರಕ್ಕೆ ಕೊಕ್ಕೆಗಳು. ಅಷ್ಟು ಅಗಲಕ್ಕೆ ಹಗ್ಗ ಜೋಲುತ್ತದೆ, ಸ್ಟೀಲ್ ವೈರು ಹಾಕಬೇಕು. ಗೆರೆಗಳಿಗೆ ಬಿಳಿ ನವಾರು ಪಟ್ಟಿ. ಮೊಳೆಯ ತಲೆ ನೆಲದೊಳಗೆ ಇಳಿದಿದೆಯೇ ಅಂತ ಆಟಕ್ಕೆ ಮುಂಚೆ ಕೈಯಾಡಿಸಿ ನೋಡಬೇಕು.

ಒಂದು ವರ್ಷ ಕಳೆದ ಮೇಲೆ

ಮೇ ತಿಂಗಳ ಅಡ್ಡಮಳೆ ಜೋರಾಗಿಯೇ ಬಂತು. ಪಕ್ಕದ ಅಂಗಳದಲ್ಲಿ ನೀರು ನಿಂತಿತ್ತು, ಇಲ್ಲಿ ನಿಲ್ಲಲಿಲ್ಲ. ಮರುದಿನ ಸಂಜೆಗೆ ಮಕ್ಕಳು ಆಡಿದರು. ನಾಲೆಗೆ ನೀರು ಬಂದಾಗ ಪೂರ್ವದ ಅಂಚನ್ನು ಮತ್ತೆ ಲೆವೆಲ್ ಹಿಡಿದು ನೋಡಿದೆವು. ಕಣ್ಣಿಗೆ ಕಾಣುವಂಥ ಬದಲಾವಣೆ ಇರಲಿಲ್ಲ. ಬೇವಿನ ಕಡೆಯ ಮೂಲೆ ಮಾತ್ರ ಬೇಸಿಗೆ ಕೊನೆಗೆ ಸುಮಾರು ಒಂದು ಇಂಚು ಇಳಿಯಿತು. ಕೆರೆದು, ನೀರು ಹಾಕಿ, ಗರಸು ತುಂಬಿ ಒತ್ತಿದ್ದಕ್ಕೆ ಅರ್ಧ ದಿನ ಹಿಡಿಯಿತು. ಕಾಂಕ್ರೀಟಾಗಿದ್ದರೆ ಅದು ಬಿರುಕಾಗಿ ನಿಲ್ಲುತ್ತಿತ್ತು.

ಮಣ್ಣಿನ ಕೋರ್ಟಿಗೆ ಕೈ ಕೆಲಸ ಜಾಸ್ತಿ, ಇದನ್ನು ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲಿ ಆಟಕ್ಕೆ ಒಂದು ಗಂಟೆ ಮುಂಚೆ ನೀರು ಚಿಮುಕಿಸಬೇಕು. ವಾರಕ್ಕೊಮ್ಮೆ ಗುಡಿಸಿ ರೋಣಗಲ್ಲು ಎಳೆಯಬೇಕು. ಮಳೆ ನಿಂತ ಕೂಡಲೇ, ಮೆತ್ತಗಿರುವಾಗ, ಯಾರೂ ಕಾಲಿಡಬಾರದು. ಹಾಳೆಯ ಹೊರಗಿನ ಎರೆ ಪಟ್ಟಿಗೆ ಮಾರ್ಚ್‌ನಿಂದ ಡ್ರಿಪ್ ಪೈಪಿನಲ್ಲಿ ಸ್ವಲ್ಪ ಸ್ವಲ್ಪ ನೀರು ಕೊಡುತ್ತಾ ಇದ್ದರೆ ದೊಡ್ಡ ಬಿರುಕು ಬರುವುದಿಲ್ಲ. ಈ ಮನೆಯಲ್ಲಿ ಮಗಳೇ ಅದನ್ನು ನೋಡಿಕೊಳ್ಳುತ್ತಾಳೆ. ಮಾಡುವವರು ಇಲ್ಲದ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ಚಿತ್ರದುರ್ಗ ಕಡೆಯ ಕೆಂಪು, ಕಲ್ಲು ನೆಲದವರು ಇದನ್ನು ಓದಿ ಹೀಗೇ ಮಾಡಬೇಕಿಲ್ಲ. ಅಲ್ಲಿ ಎಷ್ಟೋ ಕಡೆ ಒಂದೆರಡು ಅಡಿಗೇ ಗರಸು ಸಿಗುತ್ತದೆ, ನೆಲ ಉಬ್ಬುವುದಿಲ್ಲ. ಅಗೆತ, ಸುಣ್ಣ, ಹಾಳೆ ಯಾವುದೂ ಬೇಡ. ಮೇಲ್ಮಣ್ಣು ಕೆರೆದು, ಕಲ್ಲು ಆರಿಸಿ, ಇಳಿಜಾರು ಕೊಟ್ಟು ಒತ್ತಿದರೆ ಸಾಕು. ಕಾಂಕ್ರೀಟ್ ಬೇಕೆಂದರೂ ಹಾಕಬಹುದು. ಅಲ್ಲಿ ಹಣ ಹಾಕಬೇಕಾದದ್ದು ಗಾಳಿಗೆ ಅಡ್ಡವಾಗಿ. ಪಶ್ಚಿಮಕ್ಕೆ ಎರಡು ಸಾಲು ಗಿಡವೋ ಎತ್ತರದ ಹಸಿರು ಬಲೆಯೋ ಇಲ್ಲದೆ ಶಟಲ್ ಆಸೆ ಇಟ್ಟುಕೊಳ್ಳಬಾರದು. ಗಟ್ಟಿ ಗೋಡೆಗಿಂತ ಗಾಳಿಯನ್ನು ಸೋಸಿ ಬಿಡುವ ಬಲೆ ವಾಸಿ, ಏಕೆಂದರೆ ಗೋಡೆ ದಾಟಿ ಬಂದ ಗಾಳಿ ಸುಳಿಯಾಗಿ ಕಾಕನ್ನು ತಿರುಗಿಸುತ್ತದೆ.

ಹದಡಿ ದಾರಿಯ ಮನೆಯಲ್ಲಿ ದೀಪದ ಕೆಲಸ ಬಾಕಿ ಇದೆ. ಎಲ್‌ಇಡಿಗಳನ್ನು ಕೋರ್ಟಿನ ಉದ್ದದ ಪಕ್ಕಗಳಲ್ಲಿ ಎತ್ತರಕ್ಕೆ ಹಾಕಬೇಕು. ತುದಿಗಳಲ್ಲಿ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಗದ್ದೆಗೆ ನೀರು ಬಂದ ತಿಂಗಳಲ್ಲಿ ಹುಳ ಮುತ್ತುವುದರಿಂದ ಬಿಳಿ ಬೆಳಕಿಗಿಂತ ಹಳದಿ ಬೆಳಕು ಒಳ್ಳೆಯದು. ಕಂಬದ ಗುಂಡಿಗಳನ್ನು ಈ ಡಿಸೆಂಬರ್‌ಗೆ ತೋಡುತ್ತೇವೆ, ಬಲೆಯ ಕಂಬಗಳಷ್ಟೇ ಆಳಕ್ಕೆ.